ರವೆಯ ಎರಡು ಬಟ್ಟಲು

ಮಗಳು ಬೇರೆಯವರ ಕೈಯಿಂದ ಹೊಟ್ಟೆ ತುಂಬ ಉಂಡರೆ ಹೆತ್ತವಳಿಗೆ ಸಂತೋಷವಾಗಬೇಕು. ನನಗೆ ಹೊಟ್ಟೆ ಉರಿಯಿತು. ಇದನ್ನು ಬರೆಯಲು ಸಂಕೋಚವೇನಿಲ್ಲ. ದಿನಾ ಬೆಳಿಗ್ಗೆ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತಾಗ ಶಿವನಿಗೆ ಹೇಳಿದ್ದೂ ಇದನ್ನೇ. ಅವನಿಗೆ ಹೇಳಿದ ಮೇಲೆ ಉಳಿದವರಿಂದ ಮುಚ್ಚಿಡುವುದೇನು.

ನಾವಿರುವುದು ಇಂಗ್ಲೆಂಡಿನ ಸೊಲಿಹಲ್‌ನಲ್ಲಿ. ನಮ್ಮ ಮನೆಯವರು ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನಾನು ಮನೆ ನೋಡಿಕೊಳ್ಳುತ್ತೇನೆ, ಮಗಳನ್ನು ನೋಡಿಕೊಳ್ಳುತ್ತೇನೆ. ನನ್ನ ಪಾಲಿಗೆ ಅವೆರಡೂ ಒಂದೇ ಕೆಲಸ. ಮಗಳಿಗೆ ಈಗ ಹದಿಮೂರು. ಹುಟ್ಟುವಾಗ ಉಸಿರು ಸಿಗುವುದು ತಡವಾಯಿತು. ಅಷ್ಟೇ, ಮುಂದಿನದೆಲ್ಲ ಅದರಿಂದಲೇ. ನಡೆಯುವುದಿಲ್ಲ, ಮಾತಾಡುವುದಿಲ್ಲ, ಕತ್ತಿಗೆ ಆಸರೆ ಬೇಕು. ಆದರೆ ನಗುತ್ತಾಳೆ. ಹೊರಗೆ ಕಸದ ಲಾರಿ ಬಂದು ಡಬ್ಬ ಎತ್ತಿದ ಸದ್ದಿಗೆ ಅವಳು ನಗುವಷ್ಟು ಖುಷಿಯಾಗಿ ನಾನು ನನ್ನ ಮದುವೆಯಲ್ಲೂ ನಕ್ಕಿಲ್ಲ. ಅವಳ ಲಿಂಗವನ್ನು ಕೊರಳಿಗೆ ಕಟ್ಟಿದರೆ ದಾರ ಸುತ್ತಿಕೊಂಡೀತು ಎಂದು ಶಾಲೆಯವರಿಗೆ ಭಯ. ಅದಕ್ಕೆ ಬಟ್ಟೆಯ ಸಣ್ಣ ಚೀಲ ಹೊಲಿದು, ಲಿಂಗವನ್ನು ಅದರಲ್ಲಿಟ್ಟು, ಒಳ ಅಂಗಿಯ ಎದೆಯ ಹತ್ತಿರ ಸೇರಿಸಿ ಹೊಲಿದಿದ್ದೇನೆ. ಎಷ್ಟು ಒಳ ಅಂಗಿಗಳಿವೆಯೋ ಅಷ್ಟು ಚೀಲ. ಅಂಗಿ ಬದಲಿಸಿದ ಹಾಗೆ ಲಿಂಗವೂ ಮನೆ ಬದಲಿಸುತ್ತದೆ.

ಪೂಜೆ ಮುಗಿದ ಮೇಲೆ ಶಿವ ಕೊಟ್ಟದ್ದನ್ನು ನೆನೆಯುವುದು ನನ್ನ ರೂಢಿ. ರಾತ್ರಿ ಕೂಸು ಕೆಮ್ಮಲಿಲ್ಲ, ಅವನ ದಯೆ. ಮನೆ ಬಿಸಿಮಾಡುವ ಬಾಯ್ಲರ್ ಕೆಡಲಿಲ್ಲ, ಅವನ ದಯೆ. ನಮ್ಮ ಮನೆಯವರ ರೋಟಾದಲ್ಲಿ ಈ ಭಾನುವಾರ ಡ್ಯೂಟಿ ಇಲ್ಲ. ಸಣ್ಣಸಣ್ಣವೇ. ದೊಡ್ಡವನ್ನು ಕೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ನಮ್ಮ ಕನ್ನಡದವರು ಯುಗಾದಿಗೆ ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದು ಸೇರುತ್ತಾರೆ. ಶೆಫೀಲ್ಡ್‌ನಿಂದ, ಸ್ಟಾಕ್‌ಪೋರ್ಟ್‌ನಿಂದಲೂ ಬರುತ್ತಾರೆ. ಒಬ್ಬಳ ಮಗಳು ಪರೀಕ್ಷೆ ಗೆದ್ದು ಗ್ರಾಮರ್ ಸ್ಕೂಲು, ಇನ್ನೊಬ್ಬಳ ಮಗ ಮೆಡಿಸಿನ್. ಕೋಸಂಬರಿಯ ತಟ್ಟೆ ಹಿಡಿದುಕೊಂಡು ತಾಯಂದಿರು ಗೋಳು ಹೇಳಿಕೊಳ್ಳುತ್ತಾರೆ: ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಎದುರು ಮಾತಾಡುತ್ತಾರೆ, ಬಾಗಿಲು ದಢಾರನೆ ಹಾಕಿಕೊಳ್ಳುತ್ತಾರೆ. ನನ್ನ ಮಗಳು ಒಂದೇ ಒಂದು ಸಲ ಬಾಗಿಲು ದಢಾರನೆ ಹಾಕಿಕೊಂಡಿದ್ದರೆ ನಾನು ಓಣಿಗೆಲ್ಲ ಪೇಡೆ ಹಂಚುತ್ತಿದ್ದೆ. ಒಮ್ಮೆ ಒಬ್ಬ ಹಿರಿಯ ಹೆಂಗಸು ನನ್ನ ಕೈ ಹಿಡಿದು, ತುಂಬ ಪ್ರೀತಿಯಿಂದಲೇ, ಆ ದೇವರು ಅವಳನ್ನು ಆವತ್ತೇ ಕರೆಸಿಕೊಂಡಿದ್ದರೆ ಅವಳಿಗೂ ಸುಖವಿತ್ತು, ನಿನಗೂ ಬಿಡುಗಡೆ ಇತ್ತು ಅಂದರು. ನಾನು ಹೂಂ ಅಂದೆ. ಅವರ ಮೊಮ್ಮಗಳು ಅಲ್ಲೇ ಜರಿ ಲಂಗ ಎತ್ತಿಕೊಂಡು ಓಡುತ್ತಿದ್ದಳು. ನಾನು ಅವಳ ಕಾಲು ನೋಡುತ್ತಿದ್ದೆ.

ಆ ಹೊಟ್ಟೆಕಿಚ್ಚಿನ ಜೊತೆ ಬಾಳುವುದು ಅಭ್ಯಾಸವಾಗಿತ್ತು. ವರ್ಷಕ್ಕೆ ಎರಡು ಮೂರು ಸಲ ಬರುತ್ತದೆ, ಕಾರಿನಲ್ಲಿ ಮನೆಗೆ ಬರುವಷ್ಟರಲ್ಲಿ ಇಳಿಯುತ್ತದೆ. ಹೊಸದು ಬಂದದ್ದು ಪಕ್ಕದ ಮನೆಯಿಂದ.

ಪಕ್ಕದ ಮನೆಯವರು ಎಂಬತ್ತರ ಹತ್ತಿರದ ಜರ್ಮನ್ ಅಜ್ಜಿ. ಹುಡುಗಿಯಾಗಿದ್ದಾಗ ಇಲ್ಲಿಯ ಒಬ್ಬ ಇಂಗ್ಲಿಷರವನನ್ನು ಮದುವೆಯಾಗಿ ಬಂದವರು. ಗಂಡ ಕಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು, ಈಗಿಲ್ಲ. ಇಬ್ಬರು ಮಕ್ಕಳೂ ದೂರದ ಊರುಗಳಲ್ಲಿ. ಬೇಲಿಯ ಆಚೆಯಿಂದ ಹವೆಯ ಮಾತು, ಕಸದ ಡಬ್ಬದ ಮಾತು, ಅಷ್ಟೇ ನಮ್ಮ ಸ್ನೇಹ. ಕಳೆದ ಚಳಿಗಾಲ ನನಗೆ ಜೋರು ಜ್ವರ ಬಂತು. ಮಗಳನ್ನು ನೋಡಿಕೊಳ್ಳಲು ಬರಬೇಕಾಗಿದ್ದ ಏಜೆನ್ಸಿಯ ಹುಡುಗಿ ಬರಲಿಲ್ಲ. ನಮ್ಮ ಮನೆಯವರು ಥಿಯೇಟರಿನಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ. ಅಲ್ಲಿಂದ ಫೋನು ಎತ್ತಲಾಗುವುದಿಲ್ಲ. ಅಜ್ಜಿ ನಮ್ಮ ಪಾರ್ಸೆಲ್ ಒಂದನ್ನು ಕೊಡಲು ಬಂದವರು ನನ್ನ ಮುಖ ನೋಡಿ, ನೀವು ಮೇಲೆ ಹೋಗಿ ಮಲಗಿ, ಮಗುವಿಗೆ ನಾನು ಊಟ ಮಾಡಿಸುತ್ತೇನೆ ಅಂದರು.

ಮಗಳಿಗೆ ಊಟ ಮಾಡಿಸುವುದು ಹೇಗೆ ಎಂದು ನಾನು ಹೇಳಿಕೊಟ್ಟೆ. ಎಲ್ಲ ನುಣ್ಣಗೆ ಅರೆದಿರಬೇಕು, ಬೆನ್ನು ನೆಟ್ಟಗಿರಬೇಕು, ಕೆಮ್ಮಿದರೆ ನಿಲ್ಲಿಸಬೇಕು. ನನ್ನ ಕೈಯಿಂದ ಅರ್ಧ ಬಟ್ಟಲು ಹೋದರೆ ಅದೇ ಪುಣ್ಯ. ಮೂರನೆಯ ಚಮಚಕ್ಕೇ ತುಟಿ ಬಿಗಿಯುತ್ತಾಳೆ. ನಾನು ಹಾಡುತ್ತೇನೆ, ಕಾಗೆ ಗುಬ್ಬಿ ತೋರಿಸುತ್ತೇನೆ, ಬೈಯುತ್ತೇನೆ, ಕೈ ಮುಗಿಯುತ್ತೇನೆ. ಈ ಕುಸ್ತಿ ಹದಿಮೂರು ವರ್ಷದ್ದು.

ನಿದ್ದೆಯಿಂದೆದ್ದು ಕೆಳಗೆ ಬಂದಾಗ ಬಟ್ಟಲು ಖಾಲಿಯಾಗಿತ್ತು. ಬರೀ ಖಾಲಿಯಲ್ಲ, ಒಳಗೆಲ್ಲ ಸವರಿ ತೆಗೆದ ಗುರುತಿತ್ತು. ಮಗಳ ಕೆನ್ನೆ ಕೆಂಪಗಿತ್ತು. ಅಜ್ಜಿ ಮರದ ಮೊಟಕು ಸ್ಟೂಲಿನ ಮೇಲೆ, ಅವಳ ಮುಖಕ್ಕಿಂತ ಕೆಳಗೆ, ಸುಮ್ಮನೆ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ನನ್ನ ಬರವು ಇಬ್ಬರಿಗೂ ಗೊತ್ತಾಗಲಿಲ್ಲ.

ನಾನು ಥ್ಯಾಂಕ್ಸ್ ಅಂದೆ. ಆ ಖಾಲಿ ಬಟ್ಟಲನ್ನು ಸಿಂಕಿನಲ್ಲಿ ಎರಡೆರಡು ಸಲ ತೊಳೆದೆ. ಜ್ವರದ ಮಂಪರು ಅಂದುಕೊಂಡೆ.

ಅಜ್ಜಿ ಆಮೇಲೆ ವಾರಕ್ಕೆ ಎರಡು ಸಲ, ಮೂರು ಸಲ, ಬೇಸಿಗೆ ರಜೆಗೆ ಮಗಳ ಶಾಲೆ ಮುಚ್ಚಿದ ಮೇಲೆ ದಿನಾ ಮಧ್ಯಾಹ್ನ ಬರತೊಡಗಿದರು. ಬರುವಾಗ ಕೈಯಲ್ಲಿ ಒಂದು ಬಟ್ಟಲು, ಮೇಲೊಂದು ತಟ್ಟೆ ಮುಚ್ಚಿ. ಅದರಲ್ಲಿರುವುದು ಹಾಲಿನಲ್ಲಿ ಬೇಯಿಸಿದ ಸಣ್ಣ ರವೆ, ಸಕ್ಕರೆ, ಮೇಲೆ ಚೂರು ದಾಲ್ಚಿನ್ನಿ ಪುಡಿ. ನಾನು ನಕ್ಕೆ. ಇದು ನಮ್ಮ ಸಜ್ಜಕ. ನಮ್ಮಲ್ಲಿ ರವೆಯನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸುತ್ತೇವೆ, ತುಪ್ಪ ಬಿಡುತ್ತೇವೆ. ಮಗಳಿಗೆ ಹಲ್ಲು ಬರುವ ಮುಂಚಿನಿಂದ ಮಾಡಿಕೊಡುತ್ತಿದ್ದೇನೆ. ಅದೇ ರವೆ. ನನ್ನದಕ್ಕೆ ಮೂರನೆಯ ಚಮಚದಲ್ಲಿ ಮುಖ ತಿರುಗಿಸುವವಳು ಅವರದನ್ನು ಬಟ್ಟಲು ನೆಕ್ಕುವ ತನಕ ತಿನ್ನುತ್ತಿದ್ದಳು. ದಾಲ್ಚಿನ್ನಿಯ ಮಹಿಮೆ ಇರಬೇಕು ಎಂದು ನಾನೂ ಒಂದು ದಿನ ಹಾಕಿ ನೋಡಿದೆ. ಮೂರನೆಯ ಚಮಚಕ್ಕೆ ತುಟಿ ಬಿಗಿಯಿತು.

ಆಗ ಕದ್ದು ನೋಡತೊಡಗಿದೆ. ಬಟ್ಟೆ ಮಡಚುವ ನೆಪದಲ್ಲಿ ಊಟದ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಮಾಡುತ್ತಿದ್ದದ್ದು ಏನೂ ಅಲ್ಲ. ಚಮಚ ತುಟಿಯ ಹತ್ತಿರ ಹಿಡಿದು ಕಾಯುತ್ತಿದ್ದರು. ಮಗಳು ಒಲ್ಲೆ ಎಂದರೆ ಚಮಚ ಹಿಂದಕ್ಕೆ ಹೋಗುತ್ತಿರಲಿಲ್ಲ, ಮುಂದಕ್ಕೂ ಬರುತ್ತಿರಲಿಲ್ಲ. ಅಲ್ಲೇ ಇರುತ್ತಿತ್ತು. ಗಂಜಿ ಆರಿದರೆ ಎದ್ದು ಮತ್ತೆ ಬಿಸಿ ಮಾಡಿ ತರುತ್ತಿದ್ದರು. ಒಂದು ಬಟ್ಟಲಿಗೆ ಇಡೀ ಮಧ್ಯಾಹ್ನ. ನನಗೆ ಬಟ್ಟೆ ಇದೆ, ಔಷಧಿ ಇದೆ, ರಾತ್ರಿಯ ರೊಟ್ಟಿ ಇದೆ, ನನಗೆಲ್ಲಿಂದ ಬರಬೇಕು ಇಡೀ ಮಧ್ಯಾಹ್ನ? ಇದನ್ನು ನಾನು ನಮ್ಮ ಮನೆಯವರಿಗೆ ಕೇಳಿದೆ. ಅವರು, "ಆಕೀಗೆ ಟೈಮ್ ಐತಿ, ನಿನಗ ಇಲ್ಲ. ಇದರಾಗ ಸಿಟ್ಟು ಯಾಕ?" ಅಂದರು. ಡಾಕ್ಟರಿಗೆ ಎಲ್ಲವೂ ಸರಳ.

ಆದರೆ ಒಂದು ವಿಷಯ ಸರಳವಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಮಗಳ ತೂಕ ಎರಡು ವರ್ಷದಿಂದ ಏರಿರಲಿಲ್ಲ. ಹೀಗೇ ಇದ್ದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಟ್ಯೂಬ್ ಇಟ್ಟು, ಅದರಿಂದಲೇ ಆಹಾರ ಕೊಡಬೇಕಾಗುತ್ತದೆ ಎಂದು ಕ್ಲಿನಿಕ್ಕಿನಲ್ಲಿ ಹೇಳಿದ್ದರು. ನಾನು ಬೇಡ ಅಂದಿದ್ದೆ. ನನ್ನ ಕೂಸಿಗೆ ನಾನು ಕೊಡಲಾಗುವುದು ತುತ್ತೊಂದೇ. ಪಾಠ ಹೇಳಿಕೊಡುವಂತಿಲ್ಲ, ಜಡೆ ಹಾಕಿ ಡಾನ್ಸಿಗೆ ಕಳಿಸುವಂತಿಲ್ಲ, ಮದುವೆ ಮಾಡುವಂತಿಲ್ಲ. ಪೂಜೆಯ ತೀರ್ಥವನ್ನು ಅವಳ ತುಟಿಗೆ ಸವರಿ ಒಂದು ತುತ್ತು ಉಣಿಸುತ್ತೇನಲ್ಲ, ಅದನ್ನೂ ಒಂದು ಪ್ಲಾಸ್ಟಿಕ್ ಕೊಳವೆಗೆ ಬಿಟ್ಟುಕೊಡಬೇಕೆ? ಸುಳ್ಳೇಕೆ, ನನಗೆ ಆ ಟ್ಯೂಬಿನ ಮೇಲೂ ಹೊಟ್ಟೆಕಿಚ್ಚೇ.

ಜುಲೈಯಲ್ಲಿ ಕ್ಲಿನಿಕ್ಕಿಗೆ ಹೋದಾಗ ತೂಕ ಏರಿತ್ತು. ನರ್ಸು ಎರಡು ಸಲ ತೂಗಿ ನೋಡಿದಳು. ನೀವು ಏನು ಮಾಡುತ್ತಿದ್ದೀರೋ ಅದನ್ನೇ ಮಾಡುತ್ತಿರಿ, ಮಮ್, ಟ್ಯೂಬಿನ ಮಾತು ಮುಂದಿನ ಸಲ ನೋಡೋಣ ಅಂದಳು. ನಾನು ಮಾಡುತ್ತಿರಲಿಲ್ಲವಲ್ಲ. ಕಾರಿನಲ್ಲಿ ಅತ್ತೆ. ನಮ್ಮ ಮನೆಯವರು ಸಂತೋಷಕ್ಕೆ ಎಂದು ತಿಳಿದು ಟಿಶ್ಯೂ ಕೊಟ್ಟರು.

ಶ್ರಾವಣ ಬಂತು. ಮೊದಲ ಸೋಮವಾರ ಅಜ್ಜಿ ಎಂದಿನಂತೆ ಬಟ್ಟಲು ಹಿಡಿದು ಬಂದಾಗ ನಾನು ಬಾಗಿಲಲ್ಲೇ ಹೇಳಿದೆ. ಇದು ನಮಗೆ ಪವಿತ್ರವಾದ ತಿಂಗಳು, ಈ ತಿಂಗಳಲ್ಲಿ ಲಿಂಗ ಕಟ್ಟಿದವರ ಕೈಯಿಂದ ಮಾತ್ರ ಕೂಸು ಉಣ್ಣಬೇಕು, ನಮ್ಮ ಧರ್ಮದ ಪದ್ಧತಿ ಹಾಗಿದೆ ಅಂದೆ. ಹಾಗೆ ಯಾವ ಪದ್ಧತಿಯೂ ಇಲ್ಲ. ಬಾಯಿಗೆ ಬಂತು, ಹೇಳಿದೆ. ವಿಭೂತಿ ಹಚ್ಚಿಕೊಂಡ ಹಣೆಯಲ್ಲೇ ಹೇಳಿದೆ.

ಅಜ್ಜಿ ನಂಬಿದರು. ಪದ್ಧತಿ ಎಂದಮೇಲೆ ಪದ್ಧತಿಯೇ ಅಂದರು. ಬಟ್ಟಲಿನ ಮೇಲಿನ ತಟ್ಟೆ ಸರಿಮಾಡಿಕೊಂಡು, "ನಾನು ಬಂದು ಸುಮ್ಮನೆ ಕೂತಿರಬಹುದಾ? ಅದಕ್ಕೂ ಅಡ್ಡಿಯಿದೆಯಾ?" ಎಂದು ಕೇಳಿದರು. ಅದಕ್ಕೆ ಅಡ್ಡಿಯಿಲ್ಲ ಎಂದು ಬಾಗಿಲು ಬಿಟ್ಟು ಸರಿದೆ.

ಅವರು ಬಂದು ಕೂರುತ್ತಿದ್ದರು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು. ನಾನು ಅದೇ ಸ್ಟೂಲಿನ ಮೇಲೆ ಕೂತು, ಅವರ ಹಾಗೆಯೇ ಚಮಚ ಹಿಡಿದು ಕಾಯುತ್ತಿದ್ದೆ. ಮಗಳು ನನ್ನ ಭುಜದ ಮೇಲಿಂದ ಅವರನ್ನು ನೋಡುತ್ತಿದ್ದಳು. ಬಾಯಿ ತೆರೆಯುತ್ತಿರಲಿಲ್ಲ. ಮೊದಲು ಮೂರು ಚಮಚವಾದರೂ ಹೋಗುತ್ತಿತ್ತು, ಈಗ ಒಂದೂ ಇಲ್ಲ. ಒಂದು ವಾರಕ್ಕೆ ಅಜ್ಜಿ ಬರುವುದನ್ನೂ ನಿಲ್ಲಿಸಿದರು. ನಾನಿದ್ದರೆ ಅವಳ ಗಮನ ತಪ್ಪುತ್ತದೆ ಅಂದರು. ಬರದಿದ್ದರೆ ಸರಿಹೋದೀತು ಎಂದುಕೊಂಡೆ. ಹೋಗಲಿಲ್ಲ. ಮಗಳು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದಳು. ಸ್ನಾನ ಮಾಡಿಸುವಾಗ ಅವಳ ಪಕ್ಕೆಲುಬು ಮತ್ತೆ ನನ್ನ ಬೆರಳಿಗೆ ಸಿಗತೊಡಗಿತು.

ನಮ್ಮ ಅತ್ತೆ ಹುಬ್ಬಳ್ಳಿಯಲ್ಲಿ ನನ್ನ ದೊಡ್ಡ ಮೈದುನನ ಮನೆಯಲ್ಲಿದ್ದಾರೆ. ದಿನಾ ವಿಡಿಯೋ ಕಾಲಿನಲ್ಲಿ ಮೊಮ್ಮಗಳನ್ನು ನೋಡಲೇಬೇಕು ಅವರಿಗೆ. ಕೂಸು ಯಾಕೆ ಸೊರಗಿದೆ ಎಂದು ಕೇಳಿದರು. ನಾನು ಸುತ್ತಿ ಬಳಸಿ ಹೇಳಿದೆ, ನಡುವೆ ಲಿಂಗದ ಮಾತೂ ಬಂತು. ಅತ್ತೆ ಫೋನನ್ನು ಮುಖದ ಹತ್ತಿರ ತಂದರು. ಪರದೆಯ ತುಂಬ ಅವರ ಮೂಗುತಿ.

"ಯಾವ ಶಾಸ್ತ್ರದಾಗ ಐತಿ ಅದು?"

ಮನೆಯ ಪದ್ಧತಿ ಎಂದು ಏನೋ ಗೊಣಗಿದೆ.

"ಯಾರ ಮನಿದು? ನಮ್ಮನ್ಯಾಗಂತೂ ಇಲ್ಲ, ನಿಮ್ಮ ತವರಮನ್ಯಾಗೂ ಇಲ್ಲ, ನಿಮ್ಮವ್ವನ್ನ ನಾ ಕೇಳತೇನಿ ಬೇಕಾದ್ರ. ಅಲ್ಲವಾ, ಆ ಸಾಲ್ಯಾಗ ಉಣಸಾವ್ರು ಎಲ್ಲಾರೂ ಲಿಂಗ ಕಟ್ಕೊಂಡಾರೇನು? ಕೆಲಸಕ್ಕ ಬರೂ ಆ ಹುಡುಗಿ ಕಟ್ಕೊಂಡಾಳೇನು?"

ನಾನು ಪರದೆಯಿಂದ ಕಣ್ಣು ತೆಗೆದೆ.

"ಲಿಂಗಕ್ಕ ಹೊಟ್ಟಿಕಿಚ್ಚ ಇರೂದಿಲ್ಲ ತಂಗಿ. ಅದು ನಿನಗೈತಿ. ಅದನ್ನ ತಗೊಂಡು ಹೋಗಿ ದೇವರ ಮ್ಯಾಲೆ ಯಾಕ ಹಾಕ್ತಿ? ನಡಿ, ಹೋಗಿ ಆ ಮುದುಕಿನ್ನ ಕರಕೊಂಡು ಬಾ. ಕೂಸು ಉಪವಾಸ ಐತಿ."

ಅದೇ ಮಧ್ಯಾಹ್ನ ಏಜೆನ್ಸಿಯ ಹುಡುಗಿ ಬಂದ ಮೇಲೆ ನಾನು ಪಕ್ಕದ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅವರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಕೂರಿಸಿದರು, ಚಹಾ ಕೊಟ್ಟರು. ಪದ್ಧತಿ ಅಂತ ಹೇಳಿದ್ದು ಸುಳ್ಳು, ನನಗೆ ಸಂಕಟವಾಗಿತ್ತು, ಅವಳು ನಿಮ್ಮ ಕೈಯಿಂದ ಉಣ್ಣುತ್ತಾಳೆ ನನ್ನ ಕೈಯಿಂದ ಉಣ್ಣುವುದಿಲ್ಲ, ಅದಕ್ಕೆ ಹಾಗಂದೆ ಎಂದು ನೇರವಾಗಿ ಹೇಳಿಬಿಟ್ಟೆ. ಅಜ್ಜಿಗೆ ಆಶ್ಚರ್ಯವೇನೂ ಆದ ಹಾಗೆ ಕಾಣಲಿಲ್ಲ. ಹೌದಾ ಅಂದರು. ಎದ್ದು ಹೋಗಿ ಮುಂದಿನ ಕೋಣೆಯಿಂದ ಒಂದು ಸಣ್ಣ ಫೋಟೊ ತಂದು ನನ್ನ ಚಹಾದ ಕಪ್ಪಿನ ಪಕ್ಕ ಇಟ್ಟರು.

ಒಂದು ಹುಡುಗಿ. ನಾಲ್ಕೈದು ವರ್ಷ ಇರಬಹುದು. ತಲೆಯ ಮೇಲೆ ದೊಡ್ಡ ರಿಬ್ಬನ್ನು. ಕುರ್ಚಿಯಲ್ಲಿ ದಿಂಬುಗಳ ನಡುವೆ ಕೂರಿಸಿದ್ದರು. ಕತ್ತು ಒಂದು ಕಡೆಗೆ ವಾಲಿತ್ತು, ಕೈ ಮಡಚಿಕೊಂಡಿತ್ತು. ಆ ಮಡಚಿದ ಕೈ ನನಗೆ ಗೊತ್ತು. ದಿನಾ ಬಿಸಿ ಎಣ್ಣೆ ಹಚ್ಚಿ ಬಿಡಿಸುತ್ತೇನೆ.

ಇವಳು ನನ್ನ ಅಕ್ಕ ಅಂದರು ಅಜ್ಜಿ. ನಾನು ನೋಡಿಲ್ಲ. ನಾನು ಹುಟ್ಟಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಂದರು.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಆಗ ಅಲ್ಲಿ ನಾತ್ಸಿಗಳ ಆಳ್ವಿಕೆ. ಇಂಥ ಮಕ್ಕಳು ಹುಟ್ಟಿದರೆ ಸೂಲಗಿತ್ತಿಯರು, ಡಾಕ್ಟರುಗಳು ಸರಕಾರಕ್ಕೆ ತಿಳಿಸಬೇಕಿತ್ತು. ಒಂದು ದಿನ ಊರಿನ ಡಾಕ್ಟರು ಇವರ ತಾಯಿಗೆ, ಇಂಥ ಮಕ್ಕಳಿಗೆಂದೇ ಒಂದು ವಾರ್ಡ್ ಇದೆ, ಹೊಸ ಚಿಕಿತ್ಸೆ ಇದೆ, ಕಳಿಸಿಕೊಡಿ ಅಂದರು. ತಾಯಿ ಮಗಳಿಗೆ ಸ್ನಾನ ಮಾಡಿಸಿ, ಒಳ್ಳೆಯ ಅಂಗಿ ಹಾಕಿ, ರಿಬ್ಬನ್ ಕಟ್ಟಿ, ರೈಲಿನಲ್ಲಿ ತಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಪದೇ ಪದೇ ಬರಬೇಡಿ, ಮಕ್ಕಳಿಗೆ ತಳಮಳವಾಗುತ್ತದೆ ಎಂದು ಅಲ್ಲಿಯವರು ಹೇಳಿದ್ದರು. ತಾಯಿಗೆ ತಡೆಯಲಾಗದೆ ಒಂದು ಸಲ ಹೋದರು, ರವೆಗಂಜಿ ಮಾಡಿ ಜಾಡಿಯಲ್ಲಿ ತುಂಬಿಕೊಂಡು. ದೂರದಿಂದ ತೋರಿಸಿದರು. ಹುಡುಗಿ ಬಡಕಲಾಗಿದ್ದಳು. ನರ್ಸು ಬಾಗಿಲಲ್ಲೇ ಜಾಡಿ ಇಸಕೊಂಡು, ನಾವು ತಿನ್ನಿಸುತ್ತೇವೆ ಅಂದಳು. ಕೆಲವು ವಾರಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಳು ಎಂಬ ಸುದ್ದಿ ಬಂತು.

ಅಂಥ ವಾರ್ಡುಗಳಲ್ಲಿ ಮಕ್ಕಳಿಗೆ ದಿನದಿನಕ್ಕೆ ಊಟ ಕಡಿಮೆ ಮಾಡಿ, ನಿದ್ದೆಯ ಔಷಧಿ ಹೆಚ್ಚಿಸಿ ಕೊಲ್ಲುತ್ತಿದ್ದರು ಎಂಬುದು ತಾಯಿಗೆ ಖಚಿತವಾಗಿ ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಗೊತ್ತಾದ ಮೇಲೂ ಅವರು ಅದರ ಮಾತೆತ್ತುತ್ತಿರಲಿಲ್ಲ. ಎತ್ತುತ್ತಿದ್ದದ್ದು ಒಂದೇ, ಆ ಜಾಡಿಯ ಮಾತು. ಆ ಗಂಜಿ ಅವಳ ಬಾಯಿಗೆ ಹೋಯಿತೋ ಇಲ್ಲವೋ. ಅಜ್ಜಿ ಹೇಳಿದರು, ಮಾಡಿದವರು ಅದಕ್ಕೆ ದಯೆ ಎಂದು ಕರೆಯುತ್ತಿದ್ದರು, ಅವಳಿಗೆ ಬಿಡುಗಡೆಯಾಯಿತು ಎಂದು ಓಣಿಯವರೂ ಸಮಾಧಾನ ಹೇಳಿದ್ದರಂತೆ.

ನನಗೆ ಯುಗಾದಿಯ ಆ ಹಿರಿಯ ಹೆಂಗಸು, ನನ್ನ ಕೈ ಮೇಲಿದ್ದ ಅವರ ಬೆಚ್ಚನೆಯ ಕೈ ನೆನಪಾಯಿತು. ಚಹಾದ ಕಪ್ಪನ್ನು ಆಚೆ ಸರಿಸಿದೆ.

"ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಇಂಥವನೇ ಒಬ್ಬ ಹುಡುಗ ಇದ್ದ," ಅಂದರು ಅಜ್ಜಿ. "ಅವನ ತಾಯಿ ಗಾಡಿಯಲ್ಲಿ ತಳ್ಳಿಕೊಂಡು ಬರುವುದು ಕಂಡರೆ ಅಮ್ಮ ನನ್ನ ಕೈ ಎಳೆದುಕೊಂಡು ರಸ್ತೆ ದಾಟಿಬಿಡುತ್ತಿದ್ದಳು. ಅಂಥ ಮಕ್ಕಳನ್ನು ಕಂಡರೆ ಅಮ್ಮನಿಗೆ ಹೇಸಿಗೆ ಎಂದೇ ತಿಳಿದಿದ್ದೆ. ಅವಳಿಗೆ ತೀರಾ ವಯಸ್ಸಾದ ಮೇಲೆ ಒಂದು ದಿನ ಕೇಳಿದೆ. ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಅಂದಳು. ಅವಳಿಗೆ ಮಗನ ಬಾಯಿ ಒರೆಸುವುದಕ್ಕಾದರೂ ಸಿಗುತ್ತಿತ್ತಲ್ಲ ಅಂದಳು."

ಅಜ್ಜಿ ಸ್ವಲ್ಪ ನಕ್ಕರು.

"ನನಗೋ, ಈ ಅಕ್ಕನ ಮೇಲೆ ಹೊಟ್ಟೆಕಿಚ್ಚು. ನಾನು ಉಣ್ಣುವಾಗ ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು, ನೋಡುತ್ತಿದ್ದದ್ದು ಮಾತ್ರ ನನ್ನನ್ನಲ್ಲ. ಈಗ ನಿಮ್ಮ ಮಗಳಿಗೆ ನಾನು ಉಣಿಸುವುದನ್ನು ಅಮ್ಮ ನೋಡಿದ್ದರೆ ನನ್ನ ಮೇಲೂ ಹೊಟ್ಟೆಕಿಚ್ಚು ಪಡುತ್ತಿದ್ದಳು. ಅದನ್ನು ನೆನೆದರೆ ನನಗೆ ಒಂದು ಥರಾ ಖುಷಿ. ಎಂಬತ್ತು ವರ್ಷಕ್ಕೆ ಇದೆಂಥಾ ಬುದ್ಧಿ ನೋಡಿ."

ಇದನ್ನು ಕೇಳಿ ನನ್ನ ಉರಿ ಆರಿಹೋಯಿತು ಎಂದು ಬರೆದರೆ ಅದೂ ಶ್ರಾವಣದ ಪದ್ಧತಿಯಷ್ಟೇ ನಿಜ. ಮರುದಿನ ಅಜ್ಜಿ ಬಟ್ಟಲು ಹಿಡಿದು ಬಂದಾಗ, ಅವರನ್ನು ಕಂಡು ಮಗಳು ಇಡೀ ಮೈ ಕುಣಿಸಿ ನಕ್ಕಾಗ, ನನ್ನ ಎದೆಯಲ್ಲಿ ಅದೇ ಜಾಗ ಚುರುಗುಟ್ಟಿತು. ಆದರೆ ಉರಿಯ ಜೊತೆ ಇನ್ನೊಂದು ಯೋಚನೆಯೂ ಬಂದು ಕೂತಿತ್ತು. ಯಾವ ತಾಯಿಯೂ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಡಲಾರಳು ಎಂದು ಹದಿಮೂರು ವರ್ಷ ನಂಬಿದ್ದೆ. ಒಬ್ಬಳು ಇದ್ದಳು. ನನ್ನ ಹಾಗೆ ಮಡಚಿದ ಬೆರಳುಗಳನ್ನು ಬಿಡಿಸಿದವಳು, ನನ್ನ ಹಾಗೆ ರವೆ ಬೇಯಿಸಿದವಳು. ಅವಳು ನನ್ನನ್ನು ಕಂಡಿದ್ದರೆ ರಸ್ತೆ ದಾಟಿಬಿಡುತ್ತಿದ್ದಳು.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿದವರು ಹಾಗೆಯೇ ಹಿಡಿದುಕೊಂಡಿದ್ದರು. "ಮಾಡಿದವ್ರು ಡಾಕ್ಟರುಗಳೇ ಅಲ್ಲಾ," ಅಂದರು ಕೊನೆಗೆ. ಅವತ್ತು ಮಗಳನ್ನು ಮಲಗಿಸಲು ತಾವೇ ಹೋದರು. ಎಷ್ಟು ಹೊತ್ತಾದರೂ ಕೆಳಗೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಕ್ಲಿನಿಕ್ಕು. ಶ್ರಾವಣದಲ್ಲಿ ಇಳಿದ ತೂಕ ಪೂರ್ತಿ ಮರಳಿರಲಿಲ್ಲ. ಡಾಕ್ಟರಮ್ಮ ನನ್ನ ಮುಖವನ್ನೇ ನೋಡುತ್ತ, ಹೋದ ವರ್ಷ ಈ ಕೋಣೆಯಲ್ಲಿ ನಾನು ಅತ್ತದ್ದು ನೆನಪಿದ್ದವರ ಹಾಗೆ, ಟ್ಯೂಬಿನ ಮಾತನ್ನು ಮೆಲ್ಲಗೆ ತೆಗೆದರು. ಇದು ಬಾಯಿಯ ಬದಲಿಗೆ ಅಲ್ಲ, ಹೊಟ್ಟೆ ಟ್ಯೂಬಿನಿಂದ ತುಂಬುತ್ತದೆ, ರುಚಿಗೆ ಬಾಯಿಂದಲೂ ಕೊಡುತ್ತಿರಬಹುದು ಎಂದು ವಿವರಿಸಿದರು. ಹೋದ ವರ್ಷವೂ ಇದನ್ನೇ ಹೇಳಿದ್ದರಂತೆ. ನನ್ನ ಕಿವಿಗೆ ಬಿದ್ದಿರಲಿಲ್ಲ. ಬಿಳಿ ಗೋಡೆ, ನೆಲ ಒರೆಸಿದ ಔಷಧಿಯ ವಾಸನೆ. ಜಾಡಿ ಹಿಡಿದು ಬಾಗಿಲಲ್ಲಿ ನಿಂತ ಆ ಹೆಂಗಸು ಕಣ್ಣ ಮುಂದೆ ಬಂದಳು. ಆ ಬಾಗಿಲಲ್ಲಿ ಯಾರಾದರೂ ಬಂದು ನಿಮ್ಮ ಮಗಳು ಬದುಕಲಿ ಎಂದು ಟ್ಯೂಬ್ ಇಟ್ಟು ಉಣಿಸುತ್ತೇವೆ ಅಂದಿದ್ದರೆ ಅವಳು ಅವರ ಕಾಲಿಗೆ ಬೀಳುತ್ತಿದ್ದಳು. ಇಲ್ಲಿ ಕೇಳಿಕೊಳ್ಳುತ್ತಿರುವವರು ಡಾಕ್ಟರು, ಬೇಡ ಎನ್ನುತ್ತಿರುವವಳು ನಾನು.

ಹಾಕಿಸೋಣ ಅಂದೆ. ನಮ್ಮ ಮನೆಯವರು ನನ್ನ ಕಡೆ ತಿರುಗಿ ನೋಡಿದರು. ಆಪರೇಷನ್ನಿಗೆ ಚಳಿಗಾಲದಲ್ಲಿ ಕರೆ ಬರುತ್ತದೆ ಎಂದು ಹೇಳಿ ಕಳಿಸಿದರು.

ಅದಾದ ಮೇಲೆ ಮಹಾನವಮಿ ಅಮಾವಾಸ್ಯೆ. ಅವತ್ತು ನಮ್ಮಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಅವರವರಿಗೆ ಏನು ಇಷ್ಟವೋ ಅದನ್ನು ಮಾಡಿ, ಎಲೆಯ ಮೇಲೆ ಬಡಿಸಿ, ಪೂಜೆ ಮಾಡಿ, ಆಮೇಲೆ ಆ ಎಡೆಯನ್ನು ಮನೆಮಂದಿ ಹಂಚಿ ಉಣ್ಣುತ್ತಾರೆ. ಮಾವನಿಗೆ ಹೋಳಿಗೆ, ನನ್ನ ತಂದೆಗೆ ಬದನೆಕಾಯಿ ಎಣ್ಣೆಗಾಯಿ. ಈ ಸಲ ನನಗೆ ಅಜ್ಜಿಯ ಆ ಅಕ್ಕನಿಗೂ ಒಂದು ಎಡೆ ಇಡುವ ಮನಸ್ಸು. ಆದರೆ ಅವಳು ಹಿರಿಯಳಲ್ಲ, ಐದು ವರ್ಷದ ಕೂಸು. ನಮ್ಮವಳಲ್ಲ, ನಮ್ಮ ದೇಶದವಳೂ ಅಲ್ಲ. ಇನ್ನು ಸ್ವಂತದ ಪದ್ಧತಿ ಕಟ್ಟಬಾರದು ಎಂದು ಅತ್ತೆಗೆ ಕೇಳಿದೆ. ಅಂಥ ಎಡೆ ಇಡಬಹುದಾ, ಎಲ್ಲಾದರೂ ಹೇಳಿದೆಯಾ.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಹಸಗೊಂಡು ಹೋದ ಕೂಸಿಗೆ ಎಡಿ ಇಡಾಕ ಯಾರನ್ನ ಕೇಳಬೇಕವಾ," ಅಂದರು. "ತುಪ್ಪ ಜಾಸ್ತಿ ಹಾಕು."

ಅಜ್ಜಿಯನ್ನು ಕರೆದೆ. ಏನು ಎತ್ತ ಎಂದು ಮೊದಲೇ ಹೇಳಿದ್ದೆ. ಅವಳಿಗೆ ಏನು ಇಷ್ಟವಿತ್ತು ಎಂದು ಕೇಳಿದ್ದಕ್ಕೆ, ಗಂಜಿಯೊಂದನ್ನು ಬಿಟ್ಟರೆ ತನಗೂ ಗೊತ್ತಿಲ್ಲ ಅಂದಿದ್ದರು. ಕಪ್ಪು ಕೋಟು ಹಾಕಿಕೊಂಡು, ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಕೊಂಡು ಬಂದರು. ಬಾಳೆ ಎಲೆ ಈ ಊರಿನಲ್ಲಿ ಸಿಕ್ಕಿರಲಿಲ್ಲ, ಸ್ಟೀಲ್ ತಟ್ಟೆಗಳನ್ನೇ ಸಾಲಾಗಿ ಇಟ್ಟಿದ್ದೆ. ಮಾವನ ತಟ್ಟೆ, ತಂದೆಯ ತಟ್ಟೆ, ಕೊನೆಯಲ್ಲಿ ಮಗಳು ಚಿಕ್ಕವಳಿದ್ದಾಗಿನ ಒಂದು ಪುಟ್ಟ ತಟ್ಟೆ. ಅದರಲ್ಲಿ ನನ್ನ ಸಜ್ಜಕದ ಬಟ್ಟಲು, ಅವರ ರವೆಗಂಜಿಯ ಬಟ್ಟಲು, ಪಕ್ಕದಲ್ಲಿ ಆ ಫೋಟೊ. ವಿಭೂತಿ ಹಚ್ಚಿ, ಹೂವಿಟ್ಟು, ಊದಿನಕಡ್ಡಿ ಬೆಳಗಿದೆ. ನಮ್ಮ ಹಿರಿಯರ ಹೆಸರು ಹೇಳಿ ಮುಗಿಸಿ, ಅವಳ ಹೆಸರನ್ನು ಅಜ್ಜಿ ಹೇಳಿಕೊಟ್ಟ ಹಾಗೆಯೇ ಹೇಳಿದೆ. ಉಚ್ಚಾರ ಸರಿಯಾಗಿದೆ ಎಂದು ಅಜ್ಜಿ ತಲೆ ಆಡಿಸಿದರು. ಅವರು ಅಳಲಿಲ್ಲ. ಕೋಟಿನ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದರು.

ಎಡೆ ಹಂಚಿ ಉಣ್ಣುವ ಹೊತ್ತು. ಪುಟ್ಟ ತಟ್ಟೆಯದು ಮಗಳಿಗೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸ್ಟೂಲು ಅವಳ ಕುರ್ಚಿಯ ಮುಂದೆಯೇ ಇತ್ತು. ಅಜ್ಜಿ ಸ್ಟೂಲಿನ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿ, ಹಿಂದೆ ಸರಿದು ನಿಂತರು. ಇವತ್ತು ನೀವೇ ಎನ್ನುವ ಹಾಗೆ.

ನಾನು ಕೂತೆ. ತೀರ್ಥ ಸವರಿದೆ. ಸಜ್ಜಕದ ಚಮಚ ಹಿಡಿದು, ಹಾಡದೆ, ಬೈಯದೆ ಕಾದೆ. ಒಂದು ಹೋಯಿತು. ಎರಡು ಹೋಯಿತು. ಮೂರನೆಯದಕ್ಕೆ ಮಗಳ ತುಟಿ ಬಿಗಿಯಿತು, ಕಣ್ಣು ನನ್ನ ಭುಜದ ಆಚೆ ಹೋಯಿತು. ಎದೆಯಲ್ಲಿ ಅದೇ ಜಾಗ, ಅದೇ ಚುರುಕು.

ಎದ್ದು ಸ್ಟೂಲು ಬಿಟ್ಟುಕೊಟ್ಟೆ. ಅಜ್ಜಿ ಕೂತು ತಮ್ಮ ಬಟ್ಟಲು ಎತ್ತಿಕೊಂಡರು. ಮಗಳು ಬಾಯಿ ತೆರೆದಳು, ಹಕ್ಕಿಮರಿಯ ಹಾಗೆ, ನನಗೆ ಎಂದೂ ತೆರೆಯದಷ್ಟು ಅಗಲಕ್ಕೆ. ಒಂದೊಂದೇ ಚಮಚ ಒಳಗೆ ಹೋಯಿತು. ಗಂಜಿ ತುಟಿಯ ಅಂಚಿನಿಂದ ಇಳಿದು ಗಲ್ಲಕ್ಕೆ ಬಂತು. ಅಜ್ಜಿ ಮಡಿಲಲ್ಲಿದ್ದ ಬಟ್ಟೆಗೆ ಕೈ ಹಾಕಿದರು.

"ತಾಳ್ರಿ," ಅಂದೆ. ಕನ್ನಡದಲ್ಲೇ ಅಂದುಬಿಟ್ಟೆ, ಅವರಿಗೆ ತಿಳಿಯಿತು. ಬಟ್ಟೆಯನ್ನು ಅವರ ಮಡಿಲಿನಿಂದ ನಾನು ಎತ್ತಿಕೊಂಡೆ. "ಬಾಯಿ ನಾನು ಒರೆಸುತ್ತೇನೆ."

ಅಜ್ಜಿ ನನಗೆ ಜಾಗವಾಗಲೆಂದು ಸ್ಟೂಲನ್ನು ಸ್ವಲ್ಪ ಆಚೆ ಸರಿಸಿದರು. ನಾನು ಮಗಳ ಪಕ್ಕ ನೆಲದ ಮೇಲೆ ಮಂಡಿಯೂರಿ ಕೂತೆ. ಅವರು ಒಂದು ಚಮಚ ಕೊಟ್ಟರು, ನಾನು ಒರೆಸಿದೆ. ಇನ್ನೊಂದು ಕೊಟ್ಟರು, ಒರೆಸಿದೆ. ಗಂಜಿ ಆರಿತು. ನಮ್ಮ ಮನೆಯವರು ಬಿಸಿ ಮಾಡಿ ತಂದರು.